ತಿರುಮಕೂಡಲಿನ ಮಡಕೆ, ಲೆನ್ಸಿನ ಕೆಳಗೆ

ತಿ. ನರಸೀಪುರದ ಕುಂಭಮೇಳಕ್ಕೆ ನಮ್ಮ ಕ್ಲಾಸಿನ ಅರ್ಧ ಜನ ಹೋಗಿದ್ದೀರಿ. 1989ರಲ್ಲಿ ಶುರುವಾದ ಮೇಳ ಅದು. ಕುಂಭ ಅಂದ್ರೆ ಮಡಕೆ ತಾನೆ? ಅದೇ ಸಂಗಮದ ದಡದಲ್ಲಿ ಸುಮಾರು 3,500 ವರ್ಷ ಹಳೇ ಮಡಕೆಗಳು ಸಿಕ್ಕಿವೆ. ನನಗೂ ಹೋದ ವರ್ಷದವರೆಗೆ ಗೊತ್ತಿರಲಿಲ್ಲ.

1959-60ರಲ್ಲಿ ಮೈಸೂರಿನ ಎಂ. ಶೇಷಾದ್ರಿ ಅವರು ಇಲ್ಲಿ ಉತ್ಖನನ ಮಾಡಿಸಿದರು. ವರದಿ ಅಚ್ಚಾಗಿದ್ದು 1971ರಲ್ಲಿ. ಸಿಕ್ಕಿದ್ದು ನವಶಿಲಾಯುಗದ ಊರು: ಉಜ್ಜಿ ನಯ ಮಾಡಿದ ಕಲ್ಲಿನ ಕೊಡಲಿ, ಬೂದು ಬಣ್ಣದ ಮಡಕೆ, ಮೂತಿ ಇರೋ ಪಾತ್ರೆ, ಜೊತೆಗೆ ಮಣ್ಣಿನ ತಲೆದಿಂಬು! (ಈಜಿಪ್ಟಿನವರೂ ಇಂಥ ಗಟ್ಟಿ ದಿಂಬು ಇಟ್ಕೊಳ್ತಿದ್ರು. ನಿದ್ದೆ ಹೆಂಗೆ ಬರ್ತಿತ್ತೋ.)

ಮಡಕೆ ಚೂರನ್ನು ವಿಜ್ಞಾನಿಗಳು ಹೇಗೆ ಓದ್ತಾರೆ ಗೊತ್ತಾ? ಚೂರನ್ನು ಗಾಜಿಗೆ ಅಂಟಿಸಿ, 0.03 ಮಿ.ಮೀ. ಆಗೋವರೆಗೆ ಸವೆಸ್ತಾರೆ. ಕೂದಲಿಗಿಂತ ತೆಳು. ಆಗ ಬೆಳಕು ಅದರೊಳಗಿಂದ ಹಾದುಹೋಗುತ್ತೆ. ಸೂಕ್ಷ್ಮದರ್ಶಕದಲ್ಲಿ ಮರಳಿನ ಕಣ, ಅಭ್ರಕ, ಹೊಟ್ಟು ಸುಟ್ಟುಹೋಗಿ ಉಳಿದ ತೂತು ಎಲ್ಲಾ ಕಾಣ್ತವೆ. ಮಣ್ಣು ಯಾವ ಕಡೆಯದು ಅಂತಲೂ ಎಷ್ಟೋ ಸಲ ಗೊತ್ತಾಗುತ್ತೆ. ಆದರೆ ಕಂಡಿದ್ದರ ಅರ್ಥ ಹೇಳೋಕೆ ಮಣ್ಣು ತುಳಿದವರೂ ಬೇಕು.

ಉಲ್ಟಾ ದಾರಿಯೂ ಇದೆ. 1951ರ ಫೆಸ್ಟಿವಲ್ ಆಫ್ ಬ್ರಿಟನ್‌ಗೆ ಹೆಲೆನ್ ಮೆಗಾ ಅನ್ನೋ ಸ್ಫಟಿಕ ವಿಜ್ಞಾನಿ ಎಕ್ಸ್-ರೇಯಿಂದ ಸಿಕ್ಕ ಅಣುರಚನೆಯ ನಕ್ಷೆಗಳನ್ನು ವಿನ್ಯಾಸಗಾರರಿಗೆ ಕೊಟ್ಟರು. ಅವು ಬಟ್ಟೆ, ಗೋಡೆಕಾಗದ, ವೆಜ್‌ವುಡ್ ಪಿಂಗಾಣಿ ತಟ್ಟೆಗಳ ಮೇಲೆ ಚಿತ್ತಾರ ಆದವು. ಚೆಂದ ಇವೆ, ಆದರೆ ನನಗೆ ನಮ್ಮ ಬೂದು ಚೂರೇ ಇಷ್ಟ.

ನಂಜನಗೂಡು ಕಡೆ ನಮ್ಮ ಚಿಕ್ಕತಾತ ಮೊದಲು ಮಡಕೆ ಮಾಡ್ತಿದ್ರು. ಅವರದೇ ಒಡೆದ ಮಡಕೆ ಚೂರನ್ನು ಕಾಲೇಜ್ ಲ್ಯಾಬಲ್ಲಿ ಟಾರ್ಚ್ ಬೆಳಕಲ್ಲಿ ನೋಡಿ, ಫೋಟೋ ತೆಗೆದು ತೋರಿಸಿದೆ. ಫೋನು ದೂರ ಹಿಡಿದು ನೋಡಿದರು.

“ಈ ತೂತು ಹೊಟ್ಟು ಉರಿದೋದ ಜಾಗ ಕನವ್ವ. ಈ ಗೆರೆ ನಾನು ಬೆಣಚುಕಲ್ಲಲ್ಲಿ ಉಜ್ಜಿದ್ದು. ಅರ್ಧ ಒಣಗಿದಾಗ್ಲೇ ಉಜ್ಜಬೇಕು, ಪೂರ್ತಿ ಒಣಗಿದ್ರೆ ಹೊಳಪು ಬರಲ್ಲ.”

ಲ್ಯಾಬಲ್ಲಿ ಆ ಗೆರೆಗಳನ್ನ ನಾನು ಗೀಚು ಅಂದ್ಕೊಂಡಿದ್ದೆ!

ಅವರಿಗೀಗ 78. ಮನೇಲಿ ಯಾರೂ ಕಲಿತಿಲ್ಲ, ನಾನೂ ಸೇರಿ. ಪ್ರತಿ ಭಾನುವಾರ ಹೋಗಿ ರೆಕಾರ್ಡ್ ಮಾಡ್ತಾ ಇದ್ದೀನಿ, ಇಲ್ಲಿವರೆಗೆ ನಾಲ್ಕು ಗಂಟೆ ಆಗಿದೆ. ಕೊನೇ ಫೋಟೋದಲ್ಲಿ ಹಿತ್ತಲ ಗೋಡೆಗೆ ಒರಗಿಸಿರೋದು ಅವರ ತಿಗರಿ. ನಿಮ್ಮನೇಲೂ ಇಂಥವರಿದ್ರೆ ಮೆಸೇಜ್ ಮಾಡಿ, ನಾನೇ ಬರ್ತೀನಿ.

#ತಿನರಸೀಪುರ #ನಂಜನಗೂಡು #ನಮ್ಮೂರಇತಿಹಾಸ