ಕಾಡುಕೋಳಿಯ ಗರಿ, ಕಡಲಾಚೆಯ ಗಾಳ

ಕುಷ್ಟಗಿ, ಯಲಬುರ್ಗಾ ಕಡೆ ಸಂತೆಯಿಂದ ತಂದ ಜವಾರಿ ಹುಂಜವನ್ನು ಹಸನು ಮಾಡಿದ ಮೇಲೆ ಅದರ ಪುಕ್ಕ ತಿಪ್ಪೆಗೆ ಹೋಗುತ್ತದೆ. ಅದಕ್ಕೆ ಬೆಲೆ ಕಟ್ಟುವವರಿಲ್ಲ. ಆದರೆ ಇದೇ ಹುಂಜದ ಕಾಡಿನ ಸಂಬಂಧಿಯೊಂದರ ಕುತ್ತಿಗೆಯ ಗರಿಗೆ ಬ್ರಿಟನ್, ಅಮೆರಿಕಗಳಲ್ಲಿ ನೂರೈವತ್ತು ವರ್ಷಗಳಿಗೂ ಮೀರಿದ ಬೇಡಿಕೆಯ ಇತಿಹಾಸವಿದೆ. ಆ ಗರಿ ಅಲ್ಲಿ ಬೇಕಾದದ್ದು ಮೀನಿನ ಗಾಳಕ್ಕೆ.

ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿ ತುಂಗಭದ್ರೆಯಲ್ಲಿ ಗಾಳ ಹಾಕುವವರು ಕೊಕ್ಕೆಗೆ ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸುತ್ತಾರೆ. ಮೀನು ತಿನ್ನಲು ಬಂದು ಸಿಕ್ಕಿಬೀಳುತ್ತದೆ. ಪಾಶ್ಚಾತ್ಯ ದೇಶಗಳ ಹವ್ಯಾಸಿಗಳು ಬೆಳೆಸಿಕೊಂಡ ಇನ್ನೊಂದು ವಿಧಾನದಲ್ಲಿ ತಿನ್ನುವ ವಸ್ತುವೇ ಇರುವುದಿಲ್ಲ. ಗರಿ, ಪ್ರಾಣಿಗಳ ಕೂದಲು, ರೇಷ್ಮೆ ದಾರ, ಜರಿ ಎಳೆಗಳನ್ನು ಕೊಕ್ಕೆಗೆ ಬಿಗಿದು ಹುಳುವಿನಂತೆಯೋ ಮರಿಮೀನಿನಂತೆಯೋ ಕಾಣುವ ಸೋಗಿನ ಆಹಾರ ಕಟ್ಟುತ್ತಾರೆ. ಇದಕ್ಕೆ ‘ಫ್ಲೈ’, ಅಂದರೆ ನೊಣ, ಎಂದು ಹೆಸರು.

ಈ ಕಲೆಯ ಕಠಿಣ ಪರೀಕ್ಷೆಗಳಲ್ಲಿ ಒಂದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಸ್ಟೀಲ್‌ಹೆಡ್ ಮೀನು. ನದಿಯಲ್ಲಿ ಹುಟ್ಟಿ, ಪೆಸಿಫಿಕ್ ಸಾಗರದಲ್ಲಿ ಬೆಳೆದು, ಮೊಟ್ಟೆ ಇಡಲು ಮತ್ತೆ ನದಿಗೆ ಮರಳುವ ಟ್ರೌಟ್ ಇದು. ಮರಳುವ ಹೊತ್ತಿಗೆ ಅದಕ್ಕೆ ಆಹಾರದ ಆಸೆ ಕಡಿಮೆ. ಆದ್ದರಿಂದ ಅದರ ಹಸಿವನ್ನು ನಂಬದೆ, ಅದನ್ನು ಕೆರಳಿಸಿ ಬಾಯಿ ಹಾಕುವಂತೆ ಮಾಡಬೇಕಾಗುತ್ತದೆ.

ಅದಕ್ಕೆ ಬಳಸುವ ಒಂದು ಸಾಧನ ‘ಟ್ಯೂಬ್ ಫ್ಲೈ’. ಇದರಲ್ಲಿ ಗರಿಗಳನ್ನು ಕೊಕ್ಕೆಗೆ ಕಟ್ಟದೆ ಸಣ್ಣ ಕೊಳವೆಯ ಮೇಲೆ ಕಟ್ಟುತ್ತಾರೆ. ದಾರವನ್ನು ಕೊಳವೆಯೊಳಗಿಂದ ತೂರಿಸಿ ತುದಿಗೆ ಕೊಕ್ಕೆ ಬಿಗಿಯುತ್ತಾರೆ. ಮೀನು ಸಿಕ್ಕಿ ಒದ್ದಾಡುವಾಗ ಕೊಳವೆ ದಾರದ ಮೇಲೆ ಜಾರಿ ಮೇಲಕ್ಕೆ ಸರಿಯುವುದರಿಂದ ಗರಿಗಳು ಹರಿಯುವುದಿಲ್ಲ. ಕೊಕ್ಕೆ ಮೊಂಡಾದರೆ ಅದನ್ನಷ್ಟೇ ಬದಲಿಸಿದರೆ ಸಾಕು. 1945ರ ಸುಮಾರಿಗೆ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಚಾರ್ಲ್ಸ್ ಪ್ಲೇಫೇರ್ ಕಂಪನಿಗೆ ಫ್ಲೈ ಕಟ್ಟುತ್ತಿದ್ದ ಮೊರಾವ್ಸ್ಕಿ ಎಂಬ ಮಹಿಳೆ ಹಕ್ಕಿಯ ಗರಿಯ ಟೊಳ್ಳು ದಂಟನ್ನೇ ಕೊಳವೆಯಾಗಿ ಬಳಸಿ ಇದನ್ನು ರೂಪಿಸಿದರೆಂದು ಹೇಳಲಾಗುತ್ತದೆ.

ಇಂಥ ಫ್ಲೈಗಳ ಎರಡು ಬದಿಗೆ ಕಣ್ಣಿನಂತೆ ಹೊಳೆಯುವ ಚುಕ್ಕೆ ಇಡುವುದು ಹಳೆಯ ಪದ್ಧತಿ. ಆ ಕಣ್ಣು ಬಂದದ್ದು ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ. ಬಯಲುಸೀಮೆಯವರಿಗೆ ಅಷ್ಟಾಗಿ ಪರಿಚಯವಿಲ್ಲದ ಈ ಹಕ್ಕಿ ಮಲೆನಾಡು, ಕೊಡಗು, ಬಂಡೀಪುರ, ನಾಗರಹೊಳೆಯ ಕಾಡುಗಳಲ್ಲಿ ಬದುಕುತ್ತದೆ. ಭಾರತದಲ್ಲಿ ಸಂಚರಿಸಿದ ಫ್ರೆಂಚ್ ನಿಸರ್ಗತಜ್ಞ ಸೊನೆರಾನ ಹೆಸರನ್ನು 1813ರಲ್ಲಿ ಡಚ್ ಪಕ್ಷಿತಜ್ಞ ಟೆಮ್ಮಿಂಕ್ ಇದಕ್ಕೆ ಇಟ್ಟ. ಹುಂಜದ ಕುತ್ತಿಗೆಯ ಗರಿಗಳಲ್ಲಿ ನಡುವಿನ ದಂಟು ಅಲ್ಲಲ್ಲಿ ಚಪ್ಪಟೆಯಾಗಿ, ಅರಗಿನ ಹನಿ ಬಿದ್ದಂತೆ ಬಿಳಿ, ಹಳದಿ ಚುಕ್ಕೆಗಳಾಗಿ ಹೊಳೆಯುತ್ತದೆ. ನೀರಿನಲ್ಲಿ ನೆನೆದರೂ ಆ ಹೊಳಪು ಉಳಿಯುತ್ತದೆ. 19ನೇ ಶತಮಾನದ ನಡುಭಾಗದಲ್ಲಿ ಹುಟ್ಟಿದ ‘ಜಾಕ್ ಸ್ಕಾಟ್’ ಎಂಬ ಪ್ರಸಿದ್ಧ ಸಾಲ್ಮನ್ ಫ್ಲೈಯ ಕೆನ್ನೆಗೂ ಈ ಗರಿಯೇ ಬೇಕಾಗಿತ್ತು.

ಗಾಳದ ಹವ್ಯಾಸ ಕನ್ನಡ ನಾಡಿಗೂ ಬಂದಿತ್ತು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಿಂದಲೇ ಪ್ರಕಟವಾಯಿತು. ಭಾರತದಲ್ಲಿ ಗಾಳ ಹಿಡಿದ ಆಂಗ್ಲರಿಗೆ ಅದು ಕೈಪಿಡಿಯಾಯಿತು. ಥಾಮಸ್ ಕೊಂಡಾಡಿದ್ದು ನಮ್ಮ ನದಿಗಳ ಮಹಸೀರ್ ಮೀನನ್ನು. ಅತ್ತ ಅದೇ ಘಟ್ಟದ ಕಾಡಿನ ಗರಿ ಹಡಗು ಹತ್ತಿ ಸ್ಕಾಟ್ಲೆಂಡಿನ ಹೊಳೆಗಳಿಗೆ ಹೋಗುತ್ತಿತ್ತು.

ಆ ಗರಿಯ ನಿಜವಾದ ಬೆಲೆ ತೆತ್ತದ್ದು ಹಕ್ಕಿ. ಒಂದು ಫ್ಲೈಗೆ ಎರಡು ಗರಿ ಸಾಕು. ಆದರೆ ವ್ಯಾಪಾರಿಗೆ ಬೇಕಾದದ್ದು ಕುತ್ತಿಗೆಯ ಇಡೀ ಚರ್ಮ. ಮಳೆಗಾಲದ ಹೊತ್ತಿಗೆ ಹುಂಜ ಈ ಗರಿಗಳನ್ನು ಉದುರಿಸಿ ಮಂಕಾದ ಸಣ್ಣ ಗರಿ ತಳೆಯುತ್ತದೆ. ಹೊಳೆಯುವ ಗರಿ ಇರುವುದು ಅದು ಸಂಗಾತಿಯನ್ನು ಕರೆಯುವ ಕಾಲದಲ್ಲಿ. ಉರುಳು ಬೀಳಬೇಕಾದದ್ದೂ ಆಗಲೇ.

1902ರಲ್ಲಿ ಬ್ರಿಟಿಷ್ ಇಂಡಿಯಾ ಸರ್ಕಾರ ಕಾಡುಹಕ್ಕಿಗಳ ಗರಿ, ಚರ್ಮದ ರಫ್ತನ್ನು ನಿಷೇಧಿಸಿತು. 1921ರಲ್ಲಿ ಬ್ರಿಟನ್ ಆಮದಿನ ವಿರುದ್ಧವೂ ಕಾಯ್ದೆ ತಂದಿತು. ಹೆಂಗಸರ ಟೋಪಿಯ ಅಲಂಕಾರಕ್ಕಾಗಿ ನಡೆಯುತ್ತಿದ್ದ ಪಕ್ಷಿಹತ್ಯೆ ಈ ಕಾಯ್ದೆಗಳ ಹಿಂದಿನ ಮುಖ್ಯ ಕಾರಣ. ಗಾಳದವರ ಬೇಡಿಕೆ ಮಾತ್ರ ಅಡಗಲಿಲ್ಲ. 1952ರಲ್ಲಿ ತಿದ್ದುಪಡಿಯಾದ ಅಮೆರಿಕದ ಸುಂಕ ಕಾನೂನು, ಫ್ಲೈ ತಯಾರಿಕೆಗಾಗಿಯೇ ವರ್ಷಕ್ಕೆ 5,000 ಬೂದು ಕಾಡುಕೋಳಿ ಚರ್ಮಗಳ ಆಮದಿಗೆ ಅವಕಾಶ ಕೊಟ್ಟಿತು. ಅಂದರೆ 5,000 ಹುಂಜಗಳು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಗೂ ಮಾರಾಟಕ್ಕೂ ಬಿಗಿಯಾದ ಕಡಿವಾಣ ಬಿತ್ತು.

ಇಂದು ಹೊರದೇಶದ ಫ್ಲೈ ಕಟ್ಟುವವರು ಅಲ್ಲಿಯೇ ಸಾಕಿ ಬೆಳೆಸಿದ ಕಾಡುಕೋಳಿಗಳ ಗರಿಯನ್ನೋ, ಪ್ಲಾಸ್ಟಿಕ್ಕಿನ ನಕಲು ಕಣ್ಣನ್ನೋ ಬಳಸುತ್ತಾರೆ. ಸ್ಟೀಲ್‌ಹೆಡ್ ಕೂಡ ಸಂಕಟದಲ್ಲಿದೆ. 1997ರಿಂದ ಅಮೆರಿಕದ ಹಲವು ನದಿಗಳ ಸ್ಟೀಲ್‌ಹೆಡ್ ಸಂತತಿಗಳು ಅಳಿವಿನಂಚಿನ ಜೀವಿಗಳ ಕಾಯ್ದೆಯ ರಕ್ಷಣೆಗೆ ಸೇರಿವೆ. ಅನೇಕ ಕಡೆ ಹಿಡಿದ ಕಾಡುಮೀನನ್ನು ನೀರಿಗೇ ಬಿಡಬೇಕೆಂಬ ನಿಯಮವಿದೆ. ಗಾಳದಿಂದ ಬಿಡಿಸಿದ ಮೀನು ಮತ್ತೆ ಈಜೀತು. ಚರ್ಮ ಸುಲಿದ ಹಕ್ಕಿಗೆ ಅಂಥ ಅವಕಾಶ ಇರಲಿಲ್ಲ.

ಬೂದು ಕಾಡುಕೋಳಿ ಮಾತ್ರ ಅಳಿವಿನ ಪಟ್ಟಿಗೆ ಸೇರದೆ ಉಳಿದಿದೆ. ಅದರ ಗುರುತು ಬಯಲುಸೀಮೆಯ ಅಂಗಳದಲ್ಲೂ ಇದೆ. ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿಯಾದರೂ, ಅದರ ಹಳದಿ ಚರ್ಮದ ಗುಣ ಬಂದದ್ದು ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಕೊಪ್ಪಳದ ಹಿತ್ತಿಲಲ್ಲಿ ಕಾಳು ಕೆದಕುವ ಹಳದಿ ಕಾಲಿನ ಹುಂಜದಲ್ಲಿ ಮಲೆನಾಡಿನ ಆ ಹಕ್ಕಿಯ ಪಾಲೂ ಸೇರಿದೆ.