ಮಲ್ಪೆಯ ಕಡಲಿನ ಕಲ್ಲುಕಂಬಗಳು

ತುಮಕೂರು ಸೀಮೆ ಬಯಲುನಾಡು. ಕಡಲಿನ ಮೊರೆತ ಇಲ್ಲಿಗೆ ಕೇಳಿಸದು. ಆದರೆ ಕಡಲಿಗೆ ಹೋಗುವ ದಾರಿಗಳು ಈ ಸೀಮೆಯ ಮೇಲೆಯೇ ಹಾಯುತ್ತವೆ. ತುಮಕೂರಿನಿಂದ ಹೊರಟ ಒಂದು ಹೆದ್ದಾರಿ ಗುಬ್ಬಿ, ತಿಪಟೂರು, ಅರಸೀಕೆರೆಗಳನ್ನು ದಾಟಿ ಚಾರ್ಮಾಡಿಯ ಘಟ್ಟವನ್ನಿಳಿದು ಮಂಗಳೂರನ್ನು ಸೇರುತ್ತದೆ. ಕುಣಿಗಲಿನ ಮೇಲೆ ಹೋಗುವ ಇನ್ನೊಂದು, ಹಾಸನ ಸಕಲೇಶಪುರಗಳನ್ನು ಹಾಯ್ದು ಶಿರಾಡಿಯಲ್ಲಿ ಇಳಿದು ಅಲ್ಲಿಗೇ ಮುಟ್ಟುತ್ತದೆ. ಹಿಂದೆ ಗುಬ್ಬಿಯ ಪೇಟೆಗೆ ಮಲೆನಾಡಿನ ಅಡಕೆ ಬಂದಿಳಿದು, ಅಲ್ಲಿಂದ ಮೂಡಲಲ್ಲಿ ವಾಲಾಜಾಪೇಟೆಯ ಕಡೆಗೆ ಸಾಗುತ್ತಿದ್ದಿತು. ಈಗ ಶಾಲೆಗಳಿಗೆ ಬಿಡುವು ಬಂದಿತೆಂದರೆ ಸಂಸಾರಸಮೇತರಾಗಿ ಜನರೇ ಪಡುವಲ ಮುಖವಾಗಿ ಹೊರಡುವರು. ಧರ್ಮಸ್ಥಳ, ಉಡುಪಿಗಳ ದರ್ಶನವಾದ ಮೇಲೆ ಅರ್ಧ ದಿನ ಮಿಕ್ಕರೆ ಮಲ್ಪೆಗೆ ಹೋಗಿ, ದೋಣಿಯೇರಿ, ಸೇಂಟ್ ಮೇರಿ ದ್ವೀಪವನ್ನು ನೋಡಿ ಬರುವುದು ವಾಡಿಕೆಯಾಗಿದೆ.

ನೋಡಿ ಬಂದವರು ಮಕ್ಕಳಿಗೆ ಎರಡು ಸಂಗತಿಗಳನ್ನು ಹೇಳುವರು. ಅಲ್ಲಿಯ ಕಲ್ಲು ಜ್ವಾಲಾಮುಖಿಯಿಂದ ಹುಟ್ಟಿದ್ದು ಎಂಬುದು ಒಂದು. ವಾಸ್ಕೋ ಡ ಗಾಮನು ಭಾರತದಲ್ಲಿ ಮೊಟ್ಟಮೊದಲು ಕಾಲಿಟ್ಟ ನೆಲ ಅದೇ ಎಂಬುದು ಇನ್ನೊಂದು. ಮೊದಲನೆಯದು ನಿಜ. ಎರಡನೆಯದು ನಿಜವಲ್ಲ, ಆದರೆ ನಿಜವಾದ ಕಥೆ ಆ ಸುಳ್ಳಿಗಿಂತ ಹೆಚ್ಚು ಸ್ವಾರಸ್ಯವಾಗಿದೆ.

ಜ್ವಾಲಾಮುಖಿಯ ದ್ವೀಪವೆಂದೊಡನೆ ಹವಾಯಿಯ ಬೆಂಕಿಯ ಹೊಳೆಗಳೂ ಹೊಗೆಯಾಡುವ ಶಿಖರಗಳೂ ಮನಸ್ಸಿಗೆ ಬರುವುದು ಸಹಜ. ಭಾರತದ ನೆಲದಲ್ಲಿ ಅಂಥದು ಇರುವುದು ಒಂದೇ, ಅಂಡಮಾನಿನ ಬಳಿಯ ಬ್ಯಾರನ್ ದ್ವೀಪ. ಬಹುಕಾಲ ಸುಮ್ಮನಿದ್ದು ೧೯೯೧ರಲ್ಲಿ ಅದು ಮತ್ತೆ ಉರಿಯಿತು. ಮಲ್ಪೆಯ ದ್ವೀಪಗಳಲ್ಲಿ ಬೆಂಕಿಯಿಲ್ಲ, ಹೊಗೆಯಿಲ್ಲ, ಬಿಸಿನೀರಿನ ಬುಗ್ಗೆಯೂ ಇಲ್ಲ. ಅಲ್ಲಿ ಬೆಂಕಿ ಆರಿ ಕೋಟಿಗಟ್ಟಲೆ ವರ್ಷಗಳಾದುವು. ಆರಿದ ಬಗೆ ಎಂಥದೆಂಬುದನ್ನು ಕಣ್ಣಾರೆ ಕಾಣಬಹುದೆಂಬುದೇ ಅದರ ಹೆಚ್ಚುಗಾರಿಕೆ.

ಮಲ್ಪೆಯ ದಡದಿಂದ ನಾಲ್ಕು ಮೈಲಿಗೆ ತುಸು ಕಡಮೆ ದೂರದಲ್ಲಿ, ಬಡಗಿನಿಂದ ತೆಂಕಿಗೆ ಸಾಲಾಗಿ, ನಾಲ್ಕು ದ್ವೀಪಗಳಿವೆ. ಜನರು ಹೋಗುವುದು ತೆಂಗಿನ ದ್ವೀಪವೆಂಬುದಕ್ಕೆ. ಉದ್ದ ಸುಮಾರು ೫೦೦ ಮೀಟರು, ಅಗಲ ನೂರು. ನಡೆದು ಸುತ್ತಲು ಹೆಚ್ಚು ಹೊತ್ತು ಬೇಡ. ಮೇಲೆ ತೆಂಗಿನ ತೋಪು. ದಡದಲ್ಲಿ ಮರಳಿಗೆ ಬದಲಾಗಿ ಎಷ್ಟೋ ಕಡೆ ಬರಿಯ ಚಿಪ್ಪುಗಳ ರಾಶಿ. ನಡುವೆ ನಿಂತಿವೆ ಕಂಬಗಳು: ಐದು, ಆರು, ಏಳು ಮುಖದವು, ಯಾರೋ ಕಲ್ಲುಕುಟಿಗರು ಕೆತ್ತಿ ಒಂದಕ್ಕೊಂದು ಆನಿಸಿ ನಿಲ್ಲಿಸಿ ಹೋದಂತೆ. ಎತ್ತರವಾದವು ಇಪ್ಪತ್ತು ಅಡಿಗಳಷ್ಟಿವೆ. ಕೆಲವೆಡೆ ಅಲೆಯ ಹೊಡೆತಕ್ಕೆ ತುಂಡಾಗಿ, ಮೇಲ್ಮೈ ಮಾತ್ರ ಉಳಿದು, ನೆಲಗಟ್ಟು ಹಾಸಿದಂತೆ ಕಾಣುತ್ತವೆ.

ಇದು ಆದದ್ದು ಹೇಗೆಂಬುದನ್ನು ತಿಳಿಯಲು ತುಮಕೂರಿನವರು ದೂರ ಹೋಗಬೇಕಾದುದಿಲ್ಲ. ಹಾಡಿನಲ್ಲಿ ಹೆಸರಾದ ಕುಣಿಗಲ ಕೆರೆಯಾಗಲಿ, ಊರ ಮುಂದಣ ಬೇರೆ ಯಾವ ಕೆರೆಯಾಗಲಿ, ಬೇಸಗೆಯಲ್ಲಿ ನೀರು ಬತ್ತಿದಾಗ ಅದರ ಅಂಗಳವನ್ನು ನೋಡಿದರೆ ಸಾಕು. ನೀರಾರಿದ ಗೋಡುಮಣ್ಣು ಕುಗ್ಗಿ, ಬಿರುಕು ಬಿಟ್ಟು, ಹಲವು ಮೂಲೆಗಳ ಬಿಲ್ಲೆಗಳಾಗಿ ಒಡೆದಿರುತ್ತದೆ. ಮಣ್ಣು ಕುಗ್ಗುವುದು ನೀರನ್ನು ಕಳೆದುಕೊಂಡು. ಮಲ್ಪೆಯ ಕಲ್ಲು ಕುಗ್ಗಿದ್ದು ಕಾವನ್ನು ಕಳೆದುಕೊಂಡು. ಕರಗಿದ ಶಿಲಾರಸವು ಮೇಲಿನಿಂದಲೂ ಕೆಳಗಿನಿಂದಲೂ ತಣಿಯುತ್ತ ಬಂದಂತೆ ಬಿರುಕುಗಳು ಒಳಕ್ಕಿಳಿದುವು. ಬಿಲ್ಲೆಗಳು ಉದ್ದವಾಗಿ ಬೆಳೆದು ಕಂಬಗಳಾದುವು. ಎಲ್ಲ ದಿಕ್ಕುಗಳಲ್ಲಿಯೂ ಸಮನಾಗಿ ಕುಗ್ಗುವ ವಸ್ತು ಒಡೆಯುವಾಗ ಆರು ಮೂಲೆಯ ಆಕಾರಕ್ಕೆ ಒಲಿಯುವುದು ಸ್ವಭಾವ. ಐರ್ಲೆಂಡಿನ ಬಡಗಣ ಕರೆಯಲ್ಲಿಯೂ ಇಂಥದೇ ಕಂಬಗಳ ಹಾಸು ಇದೆ. ಅಲ್ಲಿಯ ಜನ ಅದನ್ನು ರಾಕ್ಷಸನೊಬ್ಬನು ಕಟ್ಟಿದ ಸೇತುವೆಯೆಂದು ಕಥೆ ಕಟ್ಟಿದರು.

ಮಲ್ಪೆಯ ಕಲ್ಲನ್ನು ಬಸಾಲ್ಟ್ ಎಂದು ಕರೆಯುವುದುಂಟು. ಐರ್ಲೆಂಡಿನದು ಬಸಾಲ್ಟ್ ಹೌದು. ಇಲ್ಲಿಯದು ರಯೋಡೇಸೈಟ್ ಎಂಬ ಜಾತಿ, ಅದಕ್ಕಿಂತ ಸಿಲಿಕಾಂಶ ಹೆಚ್ಚು, ಕರಗಿದಾಗ ಹೆಚ್ಚು ಮಂದ. ಇದರ ವಯಸ್ಸಿನ ವಿಷಯದಲ್ಲಿಯೂ ಅಭಿಪ್ರಾಯ ಬದಲಾಗಿದೆ. ದಖ್ಖಣದ ಕರಿಕಲ್ಲಿನ ಹಾಸು ಹರಿದ ಕಾಲದ್ದೇ ಇದೆಂದು, ಎಂದರೆ ಸುಮಾರು ಆರೂವರೆ ಕೋಟಿ ವರ್ಷದ್ದೆಂದು, ಒಂದು ಕಾಲದಲ್ಲಿ ಎಣಿಸಲಾಗಿದ್ದಿತು. ಆಮೇಲಿನ ಪರೀಕ್ಷೆಗಳಿಂದ ಅದು ಎಂಟೂವರೆ ಕೋಟಿಗೂ ಒಂಬತ್ತು ಕೋಟಿಗೂ ನಡುವಿನದೆಂದು ಕಂಡುಬಂದಿದೆ. ಆ ಕಾಲದಲ್ಲಿ ಭಾರತಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಭೂಖಂಡವು ಸೀಳಿ ಬೇರೆಯಾಯಿತು. ಅದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರಿನಲ್ಲಿಯೂ ಇವೆ. ಹೀಗಾಗಿ ಮಲ್ಪೆಯ ಕಂಬಗಳು ಆ ಅಗಲಿಕೆಗೆ ನಿಂತ ಸಾಕ್ಷಿಗಳೆಂದು ಭೂವಿಜ್ಞಾನಿಗಳು ತಿಳಿಯುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಅದೇ ಇಲಾಖೆ ಸಾರಿದ ಇನ್ನೊಂದು ಸ್ಮಾರಕ ತುಮಕೂರಿನ ನೆರೆಯಲ್ಲಿಯೇ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿದೆ. ಅಲ್ಲಿ ಶಿಲಾರಸ ನೀರಿನಡಿಯಲ್ಲಿ ಉಕ್ಕಿ, ದಿಂಬುಗಳನ್ನು ಪೇರಿಸಿದಂತೆ ಹೆಪ್ಪುಗಟ್ಟಿದೆ; ಅದಕ್ಕೆ ಸುಮಾರು ೨೫೦ ಕೋಟಿ ವರ್ಷ. ಮಧುಗಿರಿಯ ಏಕಶಿಲೆಯೂ ಹೆಚ್ಚುಕಡಮೆ ಅಷ್ಟೇ ಹಳೆಯದು. ವಯಸ್ಸಿನ ಮಾತು ಬಂದರೆ ಮಲ್ಪೆಯ ಕಂಬಗಳು ಬಯಲುಸೀಮೆಯ ಬಂಡೆಗಳ ಮುಂದೆ ಹಸುಗೂಸುಗಳು.

ಇನ್ನು ಮನುಷ್ಯರು ನಿಲ್ಲಿಸಿದ ಕಂಬದ ಮಾತು. ಗಾಮನ ಮೊದಲ ಯಾತ್ರೆಯಲ್ಲಿ ಜೊತೆಗಿದ್ದವನೊಬ್ಬನು ಬರೆದಿಟ್ಟ ದಿನಚರಿ ಉಳಿದುಬಂದಿದೆ. ಬರೆದವನು ಆಲ್ವಾರೋ ವೆಲ್ಹೋ ಎಂಬವನಿರಬೇಕೆಂದು ವಿದ್ವಾಂಸರ ಊಹೆ. ಅದು ಅಚ್ಚಾದದ್ದು ೧೮೩೮ರಲ್ಲಿ. ಅದರ ಪ್ರಕಾರ ಹಡಗುಗಳು ಕಲ್ಲಿಕೋಟೆಯ ಬಳಿ ಲಂಗರು ಹಾಕಿದ್ದು ೧೪೯೮ನೆಯ ಮೇ ೨೦ರಂದು. ಮೂರು ತಿಂಗಳು ಅಲ್ಲಿಯ ಸಾಮೂದಿರಿಯೊಡನೆಯೂ ಅರಬ್ಬಿ ವರ್ತಕರೊಡನೆಯೂ ತಿಕ್ಕಾಡಿ, ಮನಸ್ತಾಪದಿಂದಲೇ ಆಗಸ್ಟ್ ೨೯ರಂದು ಗಾಮನು ಹೊರಟನು. ಕರಾವಳಿಯ ಗುಂಟ ಬಡಗಲಾಗಿ ಬರುತ್ತ, ಸೆಪ್ಟೆಂಬರ್ ೧೫ರಂದು ದಡದ ಬಳಿಯ ಕೆಲವು ಸಣ್ಣ ದ್ವೀಪಗಳನ್ನು ಕಂಡು, ಒಂದರ ಮೇಲೆ ಕಂಬ ನೆಡಿಸಿ, ಅದಕ್ಕೆ ಸಾಂತಾ ಮರಿಯ ಎಂದು ಹೆಸರಿಟ್ಟನು. ಐದು ದಿನಗಳಲ್ಲಿ ಅವರು ಕಾರವಾರದ ಬಳಿಯ ಅಂಜದೀವಿಯಲ್ಲಿದ್ದರು. ಆದುದರಿಂದ ಈ ದ್ವೀಪ ಅವನು ಬರುವಾಗ ತುಳಿದ ನೆಲವಲ್ಲ, ಹೋಗುವಾಗ ತುಳಿದ ನೆಲ. ದಿನಚರಿಯ ದ್ವೀಪವೇ ಮಲ್ಪೆಯದೆಂಬುದು ಕೂಡ ಉಳಿದ ಹೆಸರಿನ ಮೇಲೆ, ಮತ್ತು ಕಲ್ಲಿಕೋಟೆ ಅಂಜದೀವಿಗಳ ನಡುವಣ ದೂರದ ಲೆಕ್ಕದ ಮೇಲೆ, ಕಟ್ಟಿದ ತೀರ್ಮಾನ, ಒಪ್ಪಬಹುದಾದ ತೀರ್ಮಾನವೇ.

ಆ ಕಂಬಗಳು ಪೋರ್ಚುಗಲ್ಲಿನಲ್ಲಿ ಕಡೆದು ಹಡಗಿನಲ್ಲಿ ಹೇರಿ ತಂದವು. ರಾಜನ ಲಾಂಛನವೂ ತುದಿಯಲ್ಲಿ ಶಿಲುಬೆಯೂ ಉಳ್ಳವು. ದೊರೆ ಮನುವೆಲನು ಮೂರು ಹೆಸರುಗಳಲ್ಲಿ ಮೂರು ಕಂಬಗಳನ್ನು ನಿಲ್ಲಿಸಲು ಆಜ್ಞಾಪಿಸಿದ್ದನು. ಒಂದು ಆಫ್ರಿಕದ ಕರೆಯಲ್ಲಿ ನಿಂತಿತು, ಒಂದನ್ನು ಕಲ್ಲಿಕೋಟೆಗೆ ಕೊಟ್ಟುದಾಯಿತು, ಮೂರನೆಯದು ಇದು. ಭೂಮಿತಾಯಿ ಸಾವಿರಾರು ಕಂಬಗಳನ್ನು ನಿಲ್ಲಿಸಿಟ್ಟ ಕಡೆಗೆ ಲಿಸ್ಬನ್ನಿನಿಂದ ಒಂದು ಕಂಬವನ್ನು ಹೊತ್ತು ತಂದುದು ತಮಾಷೆಯೇ ಸರಿ. ಅವುಗಳ ಬಗೆಗೆ ದಿನಚರಿಯಲ್ಲಿ ಒಂದು ಮಾತೂ ಇಲ್ಲ.

ಮಾತು ಇರುವುದು ಬೆಸ್ತರ ವಿಷಯವಾಗಿ. ಹಡಗುಗಳ ಬಳಿಗೆ ದೋಣಿಗಳಲ್ಲಿ ಮೀನು ಮಾರಲು ಬಂದವರಿಗೆ ಗಾಮನು ಅಂಗಿಗಳನ್ನು ಕೊಡಿಸಿ, ದ್ವೀಪದಲ್ಲಿ ಕಂಬವೊಂದನ್ನು ನಿಲ್ಲಿಸಿದರೆ ಒಪ್ಪಿಗೆಯೇ ಎಂದು ಕೇಳಿದನಂತೆ. ತಮಗೆ ಬಹಳ ಸಂತೋಷವೆಂದೂ, ಇವರೂ ತಮ್ಮಂತೆ ಕ್ರೈಸ್ತರೆಂಬುದು ಅದರಿಂದ ದೃಢವಾಗುವುದೆಂದೂ ಅವರು ಹೇಳಿದರಂತೆ. ಮಲ್ಪೆಯ ಬೆಸ್ತರು ಅಂದು ಕ್ರೈಸ್ತರಾಗಿದ್ದರೆಂದು ಈ ಮಾತಿನಿಂದ ತಿಳಿಯುವುದು ಭ್ರಮೆ. ಕಲ್ಲಿಕೋಟೆಯಲ್ಲಿ ದೇವಾಲಯವೊಂದನ್ನು ಹೊಕ್ಕು, ಅದನ್ನು ಇಗರ್ಜಿಯೆಂದೇ ಎಣಿಸಿ, ಅಲ್ಲಿ ಪ್ರಾರ್ಥನೆ ಮಾಡಿ ಬಂದವರು ಈ ನಾವಿಕರು; ಮುಸಲ್ಮಾನರಲ್ಲದವರೆಲ್ಲರೂ ಅವರ ಕಣ್ಣಿಗೆ ಕ್ರೈಸ್ತರೇ ಆಗಿದ್ದರು. ಹಡಗಿನಲ್ಲಿ ಅರಬ್ಬಿ ಬಲ್ಲವರಿದ್ದರು, ಕಲ್ಲಿಕೋಟೆಯಿಂದ ಹಿಡಿದು ತಂದ ಕೆಲವರಿದ್ದರು. ಮಲ್ಪೆಯ ಮೊಗವೀರರ ಮಾತು ತುಳು. ಮೀನು ಕೊಟ್ಟು ಅಂಗಿ ಪಡೆದ ಬಡವರು ಪರದೇಶಿಗಳ ಪ್ರಶ್ನೆಗೆ ತಲೆದೂಗಿದ್ದಿರಬಹುದು. ಉಳಿದುದನ್ನು ಕೇಳಿದವರ ಆಸೆಯೇ ತುಂಬಿಕೊಂಡಿತೆಂದು ಊಹಿಸುವುದು ಹೆಚ್ಚು ಸಮಂಜಸ. ಅಂದು ಆ ಕರಾವಳಿ ವಿಜಯನಗರದ ಅಧೀನದಲ್ಲಿ ಬಾರಕೂರು ರಾಜ್ಯಕ್ಕೆ ಸೇರಿದ್ದಿತು. ನೆಲದ ಒಡೆಯರನ್ನು ಕೇಳದೆ, ಮೀನು ಮಾರುವವರ ತಲೆದೂಗನ್ನೇ ಒಪ್ಪಿಗೆಯೆಂದು ಬರೆದುಕೊಂಡು ಹೋದದ್ದು ಮುಂದಿನ ನೂರು ವರ್ಷಗಳ ಕರಾವಳಿಯ ಚರಿತ್ರೆಗೆ ತಕ್ಕ ಮುನ್ನುಡಿಯೇ ಆಗಿದ್ದಿತು.

ಆ ಕಂಬ ಈಗ ಇಲ್ಲ. ಹೆಸರು ಮಾತ್ರ ಉಳಿಯಿತು. ಸ್ಥಳದವರು ಕರೆಯುವ ಇನ್ನೊಂದು ಹೆಸರು ತೋನ್ಸೆಪಾರ್. ಎದುರಿನ ದಡದ ತೋನ್ಸೆ ಗ್ರಾಮದ ಹೆಸರು ಅದರಲ್ಲಿದೆ. ಪ್ರವಾಸಿಗಳ ಬಾಯಲ್ಲಿ ಅದು ಇಲ್ಲದಿರುವುದು ವಿಷಾದ.

ಹೋಗತಕ್ಕವರು ಕಾಲವನ್ನರಿತು ಹೋಗಬೇಕು. ಮಳೆಗಾಲದಲ್ಲಿ, ಸಾಮಾನ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್ ಕಳೆಯುವವರೆಗೆ, ದೋಣಿಗಳು ಹೋಗುವುದಿಲ್ಲ. ಗಾಮನು ಇಳಿದ ದಿನ ಈಗಿನ ಪಂಚಾಂಗಕ್ಕೆ ಸೆಪ್ಟೆಂಬರ್ ೨೪ ಆಗುತ್ತದೆ. ಇಂದಿನ ಪ್ರವಾಸಿಗೆ ಆ ದಿನ ಮಲ್ಪೆಯಲ್ಲಿ ದೋಣಿ ಸಿಕ್ಕುವುದು ಕಷ್ಟ. ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ. ಬೆಳಗಿನ ಹೊತ್ತು ಲೇಸು: ಬಿಸಿಲು ಓರೆಯಾಗಿ ಬಿದ್ದಾಗ ಕಂಬಗಳ ಮುಖಗಳು ಒಂದೊಂದೂ ಬೇರೆಯಾಗಿ ಎದ್ದು ತೋರುತ್ತವೆ. ಮಕ್ಕಳಿಗೆ ಮುಖಗಳನ್ನೆಣಿಸಲು ಹೇಳಿದರೆ ಆರು ಮೂಲೆಯವಲ್ಲದೆ ಐದು, ಏಳರವೂ ಎಷ್ಟೋ ಇವೆಯೆಂದು ತಾವೇ ಕಂಡುಕೊಳ್ಳುವರು. ಕಲ್ಲಿನ ಚೂರನ್ನೂ ಚೀಲಗಟ್ಟಲೆ ಚಿಪ್ಪನ್ನೂ ಮನೆಗೆ ಹೊತ್ತು ತರುವ ಚಾಪಲ್ಯವನ್ನು ಹಿರಿಯರು ತಡೆಯಬೇಕು. ಸಾವಿರಾರು ಜನ ಒಂದೊಂದು ಹಿಡಿ ತಂದರೆ ಅಷ್ಟು ಸಣ್ಣ ದಡದಲ್ಲಿ ಉಳಿಯುವುದೇನು?

ಬಯಲುಸೀಮೆಯವರಿಗೆ ಮುಖ್ಯವಾಗಿ ಹೇಳಬೇಕಾದುದು ನೀರಿನ ವಿಷಯ. ಕೆರೆಯಲ್ಲಿ ಈಜು ಕಲಿತವರಿಗೆ ಕಡಲಿನ ಸೆಳೆತದ ಪರಿಚಯವಿರುವುದಿಲ್ಲ. ಅಲೆ ತೊಯ್ಸಿದ ಕಂಬಗಳ ತಲೆ ಪಾಚಿಗಟ್ಟಿ ಜಾರುತ್ತದೆ; ಬಿದ್ದವರನ್ನು ಮುಂದಿನ ಅಲೆ ಕಲ್ಲಿಗೇ ಬಡಿಯುತ್ತದೆ. ಚಿತ್ರ ತೆಗೆಸಿಕೊಳ್ಳಲು ಅಂಚಿನ ಬಂಡೆಗೆ ಹೋಗಿ ಪ್ರಾಣ ಕಳೆದುಕೊಂಡವರುಂಟು. ಕಾವಲಿನವರು ಬೇಡವೆಂದ ಕಡೆ ಇಳಿಯಬಾರದು. ಬಿಡುವಿದ್ದರೆ ದಡಕ್ಕೆ ಮರಳಿದ ಮೇಲೆ ವಡಭಾಂಡೇಶ್ವರದ ಬಲರಾಮನ ಗುಡಿಯನ್ನು ನೋಡಿಕೊಂಡು ಉಡುಪಿಗೆ ಹೋಗಬಹುದು. ಮಧ್ವಾಚಾರ್ಯರು ಬಿರುಗಾಳಿಗೆ ಸಿಕ್ಕಿದ ಹಡಗನ್ನು ಉಳಿಸಿ, ಅದರೊಳಗಿನ ಗೋಪೀಚಂದನದ ಹೆಂಟೆಯಿಂದ ಕೃಷ್ಣನ ವಿಗ್ರಹವನ್ನು ಪಡೆದರೆಂಬ ಐತಿಹ್ಯ ನಡೆಯುವುದು ಈ ಮಲ್ಪೆಯ ಕರೆಯಲ್ಲಿಯೇ.