ಹೋಗದೆ ಉಳಿದವರ ಚರಿತ್ರೆ

ದೇಶ ವಿಭಜನೆಯ ಬಗ್ಗೆ ಬರೆದವರೆಲ್ಲ ಹೆಚ್ಚಾಗಿ ಬರೆದದ್ದು ಹೋದವರ ಮತ್ತು ಬಂದವರ ಕುರಿತು. ಅದು ಸಹಜವೂ ಹೌದು. ಒಂದೂಕಾಲು ಕೋಟಿಗೂ ಹೆಚ್ಚು ಜನ ಗಡಿ ದಾಟಿದರು. ಸತ್ತವರ ಲೆಕ್ಕ ಇಂದಿಗೂ ಖಚಿತವಾಗಿಲ್ಲ; ಒಬ್ಬರು ಎರಡು ಲಕ್ಷ ಎಂದರೆ ಇನ್ನೊಬ್ಬರು ಹತ್ತು ಲಕ್ಷಕ್ಕೂ ಮೀರಿತ್ತು ಎನ್ನುತ್ತಾರೆ. ರೈಲು, ಹೆಣ, ನಿರಾಶ್ರಿತರ ಶಿಬಿರ - ಇವು ನಮ್ಮ ಕಣ್ಣಿಗೆ ಕಟ್ಟುವ ಚಿತ್ರಗಳು. ಆದರೆ ಎಲ್ಲಿಗೂ ಹೋಗದೆ, ಹುಟ್ಟಿದ ಊರಲ್ಲೇ, ಅಪ್ಪ ಕಟ್ಟಿಸಿದ ಮನೆಯಲ್ಲೇ ಉಳಿದವರು? 1951ರ ಜನಗಣತಿಯ ಪ್ರಕಾರ ಭಾರತದಲ್ಲಿದ್ದ ಮುಸ್ಲಿಮರು ಸುಮಾರು ಮೂರೂವರೆ ಕೋಟಿ. ಇವರ ಪಾಲಿಗೆ ವಿಭಜನೆ ಎಂಬುದು 1947ರ ಆಗಸ್ಟಿನಲ್ಲಿ ನಡೆದು ಮುಗಿದ ಘಟನೆಯಾಗಿರಲಿಲ್ಲ. ಅದು ಬ್ಯಾಂಕಿನ ಕೌಂಟರಿನಲ್ಲಿ, ಕೆಲಸದ ಸಂದರ್ಶನದಲ್ಲಿ, ಬಾಡಿಗೆ ಮನೆಯ ಬಾಗಿಲಲ್ಲಿ ವರ್ಷಗಟ್ಟಲೆ ಎದುರಾಗುತ್ತಲೇ ಇತ್ತು. ಈ ಸಣ್ಣ ಸಣ್ಣ ಸಂಗತಿಗಳನ್ನು ದಾಖಲಿಸಲು ಯಾರೂ ಹೋಗಲಿಲ್ಲ. ಕೊನೆಗೆ ಆ ಕೆಲಸ ಮಾಡಿದ್ದು ಒಂದು ಸಿನಿಮಾ. ಅದನ್ನು ನಿರ್ದೇಶಿಸಿದವರು ಮೈಸೂರಿನವರಾದ ಎಂ.ಎಸ್. ಸತ್ಯು. ಚಿತ್ರದ ಹೆಸರು 'ಗರಂ ಹವಾ'.

ಹಿಂದಿ ಚಿತ್ರರಂಗದಲ್ಲಿ ಅದಕ್ಕೆ ಮುಂಚೆ ಮುಸ್ಲಿಮರಿರಲಿಲ್ಲವೆಂದಲ್ಲ. 'ಚೌದ್ವೀ ಕಾ ಚಾಂದ್' (1960), 'ಮೇರೆ ಮೆಹಬೂಬ್' (1963), 'ಪಾಕೀಜಾ' (1972) - ಎಲ್ಲವೂ ಜನ ಮುಗಿಬಿದ್ದು ನೋಡಿದ ಚಿತ್ರಗಳೇ. ಅವುಗಳಲ್ಲಿ ನವಾಬರಿದ್ದರು, ಶಾಯರಿ ಇತ್ತು, ಪರದೆಯ ಹಿಂದಿನ ಸುಂದರಿಯರಿದ್ದರು, ಕೋಠಿಯ ದೀಪಗಳಿದ್ದವು. ಸಾಲ ಕೇಳಲು ಬ್ಯಾಂಕಿಗೆ ಹೋಗುವ ಮುಸ್ಲಿಮನೊಬ್ಬ ಮಾತ್ರ ಅಲ್ಲಿರಲಿಲ್ಲ. ವಿಭಜನೆಯ ಬಗ್ಗೆಯೂ ಹಿಂದಿಯಲ್ಲಿ ಬಂದದ್ದು ಬೆರಳೆಣಿಕೆಯ ಚಿತ್ರಗಳು. ಯಶ್ ಚೋಪ್ರಾರ 'ಧರ್ಮಪುತ್ರ' (1961) ಅವುಗಳಲ್ಲೊಂದು. ಬಂಗಾಳಿಯಲ್ಲಿ ಋತ್ವಿಕ್ ಘಟಕ್ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಸಂಕಟವನ್ನು ಆಳವಾಗಿ ಚಿತ್ರಿಸಿದರು. ಆದರೆ ಅದು ಬಂದವರ ಕತೆ.

'ಗರಂ ಹವಾ'ಕ್ಕೆ ಮೂಲ ಇಸ್ಮತ್ ಚುಗ್ತಾಯಿಯವರ ಅಪ್ರಕಟಿತ ಕತೆ. ಅದನ್ನು ಚಿತ್ರಕತೆಯಾಗಿಸಿದವರು ಕವಿ ಕೈಫಿ ಆಜ್ಮಿ ಮತ್ತು ಸತ್ಯು ಅವರ ಪತ್ನಿ ಶಮಾ ಜೈದಿ. ಮೂಲ ಕತೆಯ ನಾಯಕ ಒಬ್ಬ ಸ್ಟೇಷನ್ ಮಾಸ್ಟರ್. ಕೈಫಿ ಅವನನ್ನು ಚಪ್ಪಲಿ-ಬೂಟು ತಯಾರಿಸುವ ಸಣ್ಣ ಕಾರ್ಖಾನೆಯ ಮಾಲೀಕನನ್ನಾಗಿ ಬದಲಿಸಿದರು. ಕಾನ್ಪುರದ ಚರ್ಮದ ಕಾರ್ಮಿಕರ ನಡುವೆ ಓಡಾಡಿದ್ದ ಕೈಫಿಗೆ ಆ ಲೋಕ ಚೆನ್ನಾಗಿ ಗೊತ್ತಿತ್ತು. ನನ್ನ ದೃಷ್ಟಿಯಲ್ಲಿ ಚಿತ್ರದ ಶಕ್ತಿಯೆಲ್ಲ ಇರುವುದು ಈ ಒಂದು ಬದಲಾವಣೆಯಲ್ಲಿ. ಸ್ಟೇಷನ್ ಮಾಸ್ಟರ್ ಹೋಗುವವರನ್ನು ನೋಡುತ್ತಾನೆ, ಅಷ್ಟೇ. ಕಾರ್ಖಾನೆಯವನಿಗೆ ಸಾಲ ಬೇಕು, ಆರ್ಡರ್ ಬೇಕು, ಕೆಲಸಗಾರರು ಬೇಕು. ಊರಿನ ನಂಬಿಕೆ ಇಲ್ಲದಿದ್ದರೆ ಅವನು ಒಂದು ದಿನವೂ ಬದುಕಲಾರ.

ಆಗ್ರಾದ ಸಲೀಂ ಮಿರ್ಜಾ ಅಂಥವನು. ಅಣ್ಣ ಹಲೀಂ ಮುಸ್ಲಿಂ ಲೀಗಿನ ಮುಖಂಡ. ಈ ನೆಲ ಬಿಟ್ಟು ಹೋಗುವುದಿಲ್ಲವೆಂದು ಭಾಷಣ ಮಾಡುವವನೇ ಸದ್ದಿಲ್ಲದೆ ಕುಟುಂಬ ಸಮೇತ ಪಾಕಿಸ್ತಾನಕ್ಕೆ ಹೊರಟುಬಿಡುತ್ತಾನೆ. ತಂಗಿಯ ಗಂಡ ಫಕ್ರುದ್ದೀನ್ ಗಾಳಿ ಬಂದ ಕಡೆ ತೂರಿಕೊಳ್ಳುವ ರಾಜಕಾರಣಿ. ಲೀಗಿನಿಂದ ಕಾಂಗ್ರೆಸ್ಸಿಗೆ ಬರುತ್ತಾನೆ, ಕೊನೆಗೆ ಅವನೂ ಹೊರಡುತ್ತಾನೆ. ಸಮುದಾಯದ ಹೆಸರಿನಲ್ಲಿ ಗಟ್ಟಿಯಾಗಿ ಮಾತಾಡಿದವರು ಮೊದಲು ಗಂಟುಮೂಟೆ ಕಟ್ಟಿದರು. ಮಾತಾಡದವರು ಉಳಿದು ಅದರ ಬೆಲೆ ತೆತ್ತರು. ಈ ಮಾತನ್ನು ಹೊರಗಿನವರು ಹೇಳಿದ್ದರೆ ಆರೋಪವಾಗುತ್ತಿತ್ತು. ಇಸ್ಮತ್, ಕೈಫಿ, ಶಮಾ ಹೇಳಿದ್ದರಿಂದ ಅದು ಆತ್ಮವಿಮರ್ಶೆಯಾಯಿತು.

ಅಣ್ಣ ಹೋದ ಮೇಲೆ ಸಲೀಂ ಮಿರ್ಜಾನ ಮನೆಗೆ ಏನಾಯಿತು ಎಂಬುದನ್ನು ತಿಳಿಯಲು ಸ್ವಲ್ಪ ಕಾನೂನಿನ ಚರಿತ್ರೆ ಬೇಕು. ವಿಭಜನೆಯಿಂದಾಗಿ ದೇಶ ಬಿಟ್ಟವರ ಆಸ್ತಿಯನ್ನು 'ಇವಾಕ್ಯೂಯಿ ಆಸ್ತಿ', ಅಂದರೆ ವಲಸೆ ಹೋದವರ ಆಸ್ತಿ ಎಂದು ಘೋಷಿಸಿ, ಸರಕಾರ ನೇಮಿಸಿದ ಕಸ್ಟೋಡಿಯನ್‌ನ ವಶಕ್ಕೆ ಕೊಡುವ ಏರ್ಪಾಡು ಎರಡೂ ದೇಶಗಳಲ್ಲಿತ್ತು. ಭಾರತದಲ್ಲಿ ಮೊದಲು ಸುಗ್ರೀವಾಜ್ಞೆಗಳು ಬಂದವು, 1950ರಲ್ಲಿ ಪೂರ್ಣ ಪ್ರಮಾಣದ ಕಾಯ್ದೆಯಾಯಿತು. ಉದ್ದೇಶ ಕೆಟ್ಟದ್ದೆಂದು ಹೇಳಲಾಗದು. ಅತ್ತ ಎಲ್ಲವನ್ನೂ ಕಳಕೊಂಡು ಬಂದ ಲಕ್ಷಾಂತರ ಹಿಂದೂ, ಸಿಖ್ ಕುಟುಂಬಗಳಿಗೆ ಸೂರು ಬೇಕಿತ್ತು. ಆದರೆ ಕಾನೂನಿನ ಬಲೆ ಹೋದವರನ್ನಷ್ಟೇ ಹಿಡಿಯಲಿಲ್ಲ. 'ಹೋಗುವ ಉದ್ದೇಶವುಳ್ಳವರು' ಎಂಬ ಒಂದು ವರ್ಗವನ್ನೂ ಅದು ಸೃಷ್ಟಿಸಿತು. ಪಾಕಿಸ್ತಾನಕ್ಕೆ ಹಣ ಸಾಗಿಸಿದ, ಅಲ್ಲಿ ಆಸ್ತಿ ಮಾಡಿಕೊಂಡ ಶಂಕೆ ಬಂದರೆ ಊರಲ್ಲೇ ಇದ್ದವನೂ ಅನುಮಾನದ ಪಟ್ಟಿಗೆ ಸೇರುತ್ತಿದ್ದ. ಒಬ್ಬನ ಉದ್ದೇಶವನ್ನು ಅಳೆಯುವ ತಕ್ಕಡಿ ಯಾವ ಕಚೇರಿಯಲ್ಲಿರುತ್ತದೆ? ಅಂಥ ಮನುಷ್ಯನ ಜೊತೆ ವ್ಯವಹಾರ ಮಾಡಲು ವ್ಯಾಪಾರಿ ಹೆದರುತ್ತಾನೆ, ಸಾಲ ಕೊಡಲು ಬ್ಯಾಂಕು ಹಿಂಜರಿಯುತ್ತದೆ. 1953ರ ತಿದ್ದುಪಡಿಯಲ್ಲಿ ಈ ವರ್ಗವನ್ನು ಕೈಬಿಡಲಾಯಿತು. 1954ರ ಮೇ ತಿಂಗಳ ನಂತರ ಹೊಸದಾಗಿ ಆಸ್ತಿಗಳನ್ನು ಹೀಗೆ ಘೋಷಿಸುವುದೂ ನಿಂತಿತು. ಮೂಲ ಕಾಯ್ದೆ ರದ್ದಾದದ್ದು 2005ರಲ್ಲಿ.

ಚಿತ್ರದಲ್ಲಿ ಹವೇಲಿ ಇರುವುದು ಅಣ್ಣನ ಹೆಸರಿನಲ್ಲಿ. ಅಣ್ಣ ಪಾಕಿಸ್ತಾನದಲ್ಲಿರುವುದರಿಂದ ಹವೇಲಿ ಕಸ್ಟೋಡಿಯನ್ ಪಾಲಾಗುತ್ತದೆ, ಸಿಂಧ್‌ನಿಂದ ಬಂದ ಅಜ್ಮಾನಿ ಎಂಬ ವ್ಯಾಪಾರಿಗೆ ಹಂಚಿಕೆಯಾಗುತ್ತದೆ. ಸಲೀಂ ಮಿರ್ಜಾ ಬಾಡಿಗೆ ಮನೆ ಹುಡುಕುತ್ತಾ ಬೀದಿ ಬೀದಿ ಅಲೆಯುತ್ತಾನೆ. ಬಾಡಿಗೆ ಎಷ್ಟೆಂಬ ಪ್ರಶ್ನೆಗೆ ಮುಂಚೆ ಹೆಸರೇನೆಂಬ ಪ್ರಶ್ನೆ ಬರುವುದನ್ನು ನಮ್ಮ ಪಟ್ಟಣಗಳಲ್ಲಿ ಮನೆ ಹುಡುಕಿದ ಅನೇಕರು ಬಲ್ಲರು. ಅವರಿಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ. ಬ್ಯಾಂಕಿನಲ್ಲಿ ಸಾಲವಿಲ್ಲ, ಏಕೆಂದರೆ ಸಾಲ ಪಡೆದ ಕೆಲವರು ತೀರಿಸದೆ ಗಡಿ ದಾಟಿದ್ದಾರೆ. ಯಾರೋ ಓಡಿಹೋದದ್ದಕ್ಕೆ ಉಳಿದವನು ಜಾಮೀನು! ಅಣ್ಣನಿಗೆ ಕಳಿಸಿದ ಮನೆಯ ನಕ್ಷೆಯೊಂದು ಬೇಹುಗಾರಿಕೆಯ ಆರೋಪಕ್ಕೆ ಕಾರಣವಾಗುತ್ತದೆ. ನ್ಯಾಯಾಲಯ ಬಿಡುಗಡೆ ಮಾಡಿದರೂ ಬೀದಿ ಬಿಡುಗಡೆ ಮಾಡುವುದಿಲ್ಲ. ಹಿರಿಯ ಮಗ ಬಾಕರ್ ಬೇಸತ್ತು ಹೊರಡುತ್ತಾನೆ. ಪದವಿ ಪಡೆದ ಕಿರಿಯವ ಸಿಕಂದರ್ ಹೋದಲ್ಲೆಲ್ಲ ಪಾಕಿಸ್ತಾನದಲ್ಲಾದರೆ ಕೆಲಸ ಸಿಕ್ಕೀತು ಎಂಬ ಸಲಹೆ ಕೇಳುತ್ತಾನೆ.

ಹವೇಲಿ ಪಡೆದ ಅಜ್ಮಾನಿಯನ್ನು ಚಿತ್ರ ಖಳನಾಯಕನನ್ನಾಗಿ ಮಾಡುವುದಿಲ್ಲ ಎಂಬುದನ್ನು ಗಮನಿಸಬೇಕು. ಅವನೂ ಮನೆ ಕಳಕೊಂಡು ಬಂದವನೇ. ಆ ಪಾತ್ರ ಮಾಡಿದ ಎ.ಕೆ. ಹಂಗಲ್ ಸ್ವತಃ ಕರಾಚಿಯಲ್ಲಿ ಬದುಕು ಕಟ್ಟಿ, ಅಲ್ಲಿ ಜೈಲು ಕಂಡು, 1949ರಲ್ಲಿ ಮುಂಬಯಿಗೆ ಬಂದವರು. ಸಲೀಂ ಮಿರ್ಜಾ ಆದ ಬಲರಾಜ್ ಸಾಹ್ನಿ ರಾವಲ್ಪಿಂಡಿಯ ಮನೆಯನ್ನು ವಿಭಜನೆಯಲ್ಲಿ ಕಳಕೊಂಡ ಕುಟುಂಬದವರು. ಪಾಕಿಸ್ತಾನಕ್ಕೆ ಸೇರಿದ ಊರಿನ ಹಿಂದೂವೊಬ್ಬ, ಪಾಕಿಸ್ತಾನಕ್ಕೆ ಹೋಗಲೊಲ್ಲದ ಭಾರತದ ಮುಸ್ಲಿಮನಾಗಿ ನಟಿಸಿದ. ಆ ಮುಖದಲ್ಲಿ ಕಾಣುವುದು ನಟನೆಯೋ ನೆನಪೋ ಎಂದು ಬೇರ್ಪಡಿಸುವುದು ಕಷ್ಟ. ಬಲರಾಜ್ ಚಿತ್ರದ ಡಬ್ಬಿಂಗ್ ಮುಗಿಸಿದ ಮರುದಿನ, 1973ರ ಏಪ್ರಿಲ್ 13ರಂದು ತೀರಿಕೊಂಡರು. ಪೂರ್ತಿ ಚಿತ್ರವನ್ನು ಅವರು ನೋಡಲೇ ಇಲ್ಲ.

ಚಿತ್ರ ತಯಾರಾದ ಬಗೆಯೂ ಒಂದು ಕತೆಯೇ. ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟ ಸಾಲ ಎರಡೂವರೆ ಲಕ್ಷ ರೂಪಾಯಿ. ಉಳಿದ ಹಣವನ್ನು ಸತ್ಯು ಸ್ನೇಹಿತರಿಂದ ಕೂಡಿಸಿದರು. ಒಟ್ಟು ಖರ್ಚು ಹತ್ತು ಲಕ್ಷದ ಆಸುಪಾಸು. ಶಬ್ದಗ್ರಹಣದ ಸಲಕರಣೆಗೆ ಹಣವಿಲ್ಲದೆ ಎಲ್ಲವನ್ನೂ ಮೂಕಿಯಾಗಿ ಚಿತ್ರಿಸಿ ಆಮೇಲೆ ಧ್ವನಿ ಸೇರಿಸಲಾಯಿತು. ಇಪ್ಟಾ ರಂಗತಂಡದ ಗೆಳೆಯರೇ ನಟರು. ಸಿಕಂದರ್ ಪಾತ್ರಕ್ಕೆ ಬಂದ ಫಾರೂಕ್ ಶೇಖ್ ಎಂಬ ಹೊಸ ಹುಡುಗನ ಸಂಭಾವನೆ 750 ರೂಪಾಯಿ. ಆಗ್ರಾದಲ್ಲಿ ಚಿತ್ರೀಕರಣಕ್ಕೆ ಪ್ರತಿಭಟನೆ ಎದುರಾದಾಗ, ರೀಲಿಲ್ಲದ ಕ್ಯಾಮೆರಾ ಕೊಟ್ಟು ಇನ್ನೊಂದು ತಂಡವನ್ನು ಬೇರೆಡೆಗೆ ಕಳಿಸಿ ಜನರ ಗಮನ ತಿರುಗಿಸಿದರಂತೆ. ಹವೇಲಿ ಬಿಡಲೊಲ್ಲದೆ ಸೌದೆ ಕೋಣೆಯಲ್ಲಿ ಅಡಗಿ ಕೂರುವ ಮುದಿ ತಾಯಿಯ ಪಾತ್ರಕ್ಕೆ ಆಗ್ರಾದ್ದೇ ಬದರ್ ಬೇಗಂ ಎಂಬ ವೃದ್ಧೆ ಸಿಕ್ಕಿದರು. ಧ್ವನಿ ಕೊಟ್ಟವರು ದೀನಾ ಪಾಠಕ್. ಕೊನೆಯುಸಿರೆಳೆಯಲು ಆ ಅಜ್ಜಿಯನ್ನು ಡೋಲಿಯಲ್ಲಿ ಹಳೆಯ ಮನೆಗೆ ಹೊತ್ತು ತರುವ ದೃಶ್ಯವಿದೆ. ಕಾಗದಪತ್ರದಲ್ಲಿ ಮನೆ ಯಾರದ್ದೇ ಇರಲಿ, ಅವಳ ಮಟ್ಟಿಗೆ ಅದು ಮದುವಣಗಿತ್ತಿಯಾಗಿ ಕಾಲಿಟ್ಟ ಮನೆ.

ಕೋಮುಗಲಭೆಗೆ ಪ್ರಚೋದನೆಯಾದೀತೆಂದು ಸೆನ್ಸಾರ್ ಮಂಡಳಿ ಚಿತ್ರವನ್ನು ಎಂಟು ತಿಂಗಳು ತಡೆಹಿಡಿಯಿತು. ಸತ್ಯು ಪತ್ರಕರ್ತರಿಗೆ, ರಾಜಕಾರಣಿಗಳಿಗೆ, ಕೊನೆಗೆ ಪ್ರಧಾನಿ ಇಂದಿರಾ ಗಾಂಧಿಯವರಿಗೂ ಚಿತ್ರ ತೋರಿಸಿದರು. ಅನುಮತಿ ಸಿಕ್ಕ ಮೇಲೆ ಮೊದಲು ತೆರೆಕಂಡದ್ದು ನಮ್ಮ ಬೆಂಗಳೂರಿನಲ್ಲಿ, ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಉತ್ತರ ಭಾರತದ ಉರಿಯನ್ನು ಕುರಿತ ಉರ್ದು ಮಾತಿನ ಚಿತ್ರವನ್ನು ಬೆಂಗಳೂರಿನ ಜನ ಶಾಂತವಾಗಿ ಕೂತು ನೋಡಿ ಮೆಚ್ಚಿದರು. ಗಲಭೆಯಾಗಲಿಲ್ಲ. ಆ ಧೈರ್ಯದ ಮೇಲೆಯೇ ಉಳಿದ ಊರುಗಳಿಗೆ ದಾರಿ ತೆರೆಯಿತು. ಮುಂಬಯಿಯ ರೀಗಲ್‌ನಲ್ಲಿ 1974ರಲ್ಲಿ ಪ್ರದರ್ಶನಕ್ಕೆ ಮುಂಚೆ ಶಿವಸೇನೆಯ ವಿರೋಧ ಎದ್ದಿತು. ಬಾಳ ಠಾಕ್ರೆಯವರಿಗೆ ಪ್ರತ್ಯೇಕವಾಗಿ ಚಿತ್ರ ತೋರಿಸಿದ ಮೇಲೆ ಅದು ತಣ್ಣಗಾಯಿತು. ಅದೇ ವರ್ಷ ಕಾನ್ ಚಿತ್ರೋತ್ಸವದ ಸ್ಪರ್ಧೆಗೂ ಚಿತ್ರ ಹೋಯಿತು. ಇನ್ನೊಂದು ವಿಚಿತ್ರ ನೋಡಿ: ಗಲಭೆ ಎಬ್ಬಿಸೀತೆಂದು ತಡೆದ ಅದೇ ಚಿತ್ರಕ್ಕೆ ಸರಕಾರ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಕೊಟ್ಟಿತು.

ಬೆಂಗಳೂರು ಶಾಂತವಾಗಿ ನೋಡಿತೆಂದು ನಾವು ತುಸು ಹೆಮ್ಮೆಪಡಬಹುದು. ಆದರೆ ವಿಭಜನೆಯ ಬಿಸಿ ಕನ್ನಡ ನೆಲಕ್ಕೆ ತಟ್ಟಲೇ ಇಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. 1948ರ ಸೆಪ್ಟೆಂಬರಿನ ಹೈದರಾಬಾದ್ ಪೊಲೀಸ್ ಕಾರ್ಯಾಚರಣೆಗೆ ಮುಂಚೆ ರಜಾಕಾರರ ಹಾವಳಿಯಿಂದ ಅಮಾಯಕರು ನರಳಿದರು. ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ಸೇಡಿನ ಹಿಂಸೆ ನಡೆಯಿತು. ಭಾರತ ಸರಕಾರವೇ ಕಳಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ, ಸತ್ತವರ ಸಂಖ್ಯೆ 27ರಿಂದ 40 ಸಾವಿರ ಎಂದು ಅಂದಾಜಿಸಿತು. ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಮತ್ತು ಗುಲ್ಬರ್ಗ ಸೇರಿದ್ದವು. ಆ ವರದಿಯನ್ನು ದಶಕಗಳ ಕಾಲ ಪ್ರಕಟಿಸಲೇ ಇಲ್ಲ. ಆಗ್ರಾಕ್ಕೆ ಒಬ್ಬ ಸತ್ಯು ಸಿಕ್ಕಿದರು.

ಚಿತ್ರದ ಕೊನೆಯ ಬಗ್ಗೆ ಆಗಲೂ ತಕರಾರಿತ್ತು, ಈಗಲೂ ಇದೆ. ಸೋತು ಸುಣ್ಣವಾದ ಸಲೀಂ ಮಿರ್ಜಾ ಕೊನೆಗೂ ಪಾಕಿಸ್ತಾನಕ್ಕೆ ಹೊರಟು ಟಾಂಗಾ ಹತ್ತುತ್ತಾನೆ. ದಾರಿಯಲ್ಲಿ ಕೆಲಸ ಕೇಳುವವರ ಮೆರವಣಿಗೆ ಎದುರಾಗುತ್ತದೆ. ಸಿಕಂದರ್ ಇಳಿದು ಅದರಲ್ಲಿ ಸೇರುತ್ತಾನೆ. ತಂದೆಯೂ ಹೆಂಡತಿಯನ್ನು ಮನೆಗೆ ವಾಪಸು ಕಳಿಸಿ ಜನರ ನಡುವೆ ಬೆರೆಯುತ್ತಾನೆ. ಇದು ಎಡಪಂಥೀಯರ ಸುಲಭದ ಪರಿಹಾರ, ಕೆಂಬಾವುಟ ಹಿಡಿದರೆ ಕೋಮುಭೇದ ಕರಗೀತೇ ಎಂದು ಕೇಳಿದವರಿದ್ದಾರೆ. ನನಗೆ ಆ ಕೊನೆ ಅಷ್ಟು ಸುಲಭದ್ದೆನಿಸುವುದಿಲ್ಲ. ಒಂಟಿಯಾಗಿ ಮರ್ಯಾದೆ ಕಾಪಾಡಿಕೊಂಡು ಬದುಕಬಹುದೆಂದು ನಂಬಿದ್ದ ಮನುಷ್ಯ, ನೆರೆಯವರ ಹಸಿವಿನಲ್ಲಿ ತನ್ನದನ್ನೂ ಸೇರಿಸಿ ಕೇಳುವುದು ದೊಡ್ಡ ಹೆಜ್ಜೆಯೇ. ನನ್ನ ತಕರಾರು ಬೇರೆ. ಮಗಳು ಆಮಿನಾ? ಮೊದಲು ಪ್ರೀತಿಸಿದ ಕಾಜಿಂ ಪಾಕಿಸ್ತಾನದಿಂದ ಕದ್ದುಮುಚ್ಚಿ ಮದುವೆಗೆ ಬಂದರೆ ಪೊಲೀಸರು ಹಿಡಿದು ಗಡೀಪಾರು ಮಾಡುತ್ತಾರೆ. ಆಮೇಲೆ ನಂಬಿದ ಶಂಶಾದ್ ಹೋದವನು ಮರಳುವುದಿಲ್ಲ. ಮದುಮಗಳ ಉಡುಪಿನಲ್ಲಿ ಅವಳು ಪ್ರಾಣ ಬಿಡುತ್ತಾಳೆ. ಗಂಡಸರಿಗೆ ಮೆರವಣಿಗೆಯಾದರೂ ಸಿಕ್ಕಿತು. ಅವಳಿಗೆ, ಕೀಲಿಕೈ ಹಿಡಿದು ಮನೆಗೆ ಮರಳುವ ಅವಳ ತಾಯಿಗೆ, ಅದೂ ಇಲ್ಲ. ಗೀತಾ ಸಿದ್ಧಾರ್ಥ್ ಅವರ ಆಮಿನಾ ನೆನಪಿನಲ್ಲಿ ಉಳಿಯುವಷ್ಟು ಆ ಕೊನೆಯ ಮೆರವಣಿಗೆ ಉಳಿಯುವುದಿಲ್ಲ.

ಸತ್ಯು ಆಮೇಲೆ ಕನ್ನಡದಲ್ಲಿ 'ಕನ್ನೇಶ್ವರ ರಾಮ', ಅನಂತಮೂರ್ತಿಯವರ ಕತೆಯನ್ನಾಧರಿಸಿದ 'ಬರ' ಮುಂತಾದ ಚಿತ್ರಗಳನ್ನು ಮಾಡಿದರು. 'ಗರಂ ಹವಾ'ದ ಸವೆದ ಪ್ರತಿಯನ್ನು ದುರಸ್ತಿ ಮಾಡಿ 2014ರ ನವೆಂಬರಿನಲ್ಲಿ ಮತ್ತೆ ಬಿಡುಗಡೆ ಮಾಡಲಾಯಿತು. ಫಾರೂಕ್ ಶೇಖ್ ಅದಕ್ಕೆ ಹನ್ನೊಂದು ತಿಂಗಳ ಮುಂಚೆ ತೀರಿಕೊಂಡಿದ್ದರು.

ಕೈಫಿ ಆಜ್ಮಿ ಮಾತ್ರ ಈ ಕತೆಯನ್ನು ಇನ್ನೊಮ್ಮೆ ಮುಟ್ಟಿದರು, ಈ ಸಲ ನಟನಾಗಿ. ಸಯೀದ್ ಮಿರ್ಜಾರ 'ನಸೀಮ್' (1995) ಚಿತ್ರದಲ್ಲಿ ಅವರು ಹಾಸಿಗೆ ಹಿಡಿದ ಅಜ್ಜ. ಹೊರಗೆ 1992ರ ಡಿಸೆಂಬರ್ 6 ಹತ್ತಿರವಾಗುತ್ತಿದೆ. ನೀವೇಕೆ ಅಂದೇ ಪಾಕಿಸ್ತಾನಕ್ಕೆ ಹೋಗಲಿಲ್ಲವೆಂದು ಮನೆಯವರು ಕೇಳಿದಾಗ ಅಜ್ಜ ಸಿದ್ಧಾಂತ ಹೇಳುವುದಿಲ್ಲ, ದೇಶಭಕ್ತಿಯ ಭಾಷಣವನ್ನೂ ಮಾಡುವುದಿಲ್ಲ. ಆಗ್ರಾದ ಮನೆಯ ಅಂಗಳದಲ್ಲಿ ಒಂದು ಮರವಿತ್ತು, ನಿಮ್ಮ ಅಜ್ಜಿಗೆ ಅದೆಂದರೆ ಬಲು ಇಷ್ಟ ಎನ್ನುತ್ತಾನೆ.